ಸಪ್ಪೆ ನೀರು

ಕಾಲು ಸುತ್ತೋ, ಅರ್ಧ ಸುತ್ತೋ? ಮೊದಲ ಸಲ ಕಾಲು ಸುತ್ತು, ಅದರಲ್ಲಿ ಅನುಮಾನವಿಲ್ಲ. ದೀಪಾವಳಿ ಕಳೆದ ಮೇಲೆ ಇನ್ನೊಂದಿಷ್ಟು ತಿರುಗಿಸಿದ್ದೂ ನಿಜ. ಆದರೆ ಎಷ್ಟು? ಅಷ್ಟಕ್ಕೇ ಮಗುವಿಗೆ ಹೀಗಾಗುತ್ತದೆಯೇ? ಬೇರೆ ಏನಾದರೂ ಇರಬಹುದು. ಶಾಲೆಯ ಹಿಂದಿನ ನಲ್ಲಿಗೆ ಮಕ್ಕಳು ಬಾಯಿ ಹಚ್ಚುವುದಿಲ್ಲವೇ? ಬಿಸಿಲಲ್ಲಿ ಆಡಿ ದಣಿದ ಮಕ್ಕಳು ಬೋರಿನ ನೀರು, ಫಿಲ್ಟರ್ ನೀರು ಎಂದು ನೋಡಿ ಕುಡಿಯುತ್ತವೆಯೇ?

"ಹಿಟ್ಟು ಆರ್ತೈತೆ, ಉಣ್ರಿ," ಅಂದಳು ಹೆಂಡತಿ ಮಂಜುಳಮ್ಮ.

ಬೊಮ್ಮಲಿಂಗಪ್ಪ ಮುದ್ದೆ ಮುರಿದು ನುಗ್ಗೆಸೊಪ್ಪಿನ ಸಾರಿಗೆ ಅದ್ದಿದ. ನುಂಗಲಿಲ್ಲ. ತಟ್ಟೆಯ ಪಕ್ಕದಲ್ಲಿ ಅಂಗೈಯಗಲದ ಒಂದು ಕಾರ್ಡು ಬಿದ್ದಿತ್ತು. ಮೇಲೆ ಮೊಮ್ಮಗಳ ಹೆಸರು: ರುದ್ರಾಣಿ, ಎರಡನೇ ತರಗತಿ. ಮನೆಯವರಿಗೆ ರಾಣಿ. ಹೆಸರಿನ ಕೆಳಗೆ ಮೂರು ದುಂಡನೆಯ ಚೀಟಿ ಅಂಟಿಸಿದ್ದರು. ಎರಡು ವರ್ಷದ ಹಿಂದಿನದು ಹಳದಿ. ಹೋದ ಜೂನಿನದು ಹಸಿರು. ಈವತ್ತಿನದು ಕೆಂಪು. ಶಾಲೆಯಲ್ಲಿ ಮಕ್ಕಳ ಮೂತ್ರ ಪರೀಕ್ಷೆ ಮಾಡಿ, ಮೈಯಲ್ಲಿ ಫ್ಲೋರೈಡ್ ಎಷ್ಟು ಸೇರಿದೆ ಎಂದು ಚಳ್ಳಕೆರೆಯ ಸೇವಾಸಂಸ್ಥೆಯವರು ತೋರಿಸುವ ಬಗೆ ಅದು; ಕೆಂಪು ಎಂದರೆ ಬಹಳ. ಓದು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ.

"ಕೂಸಿಗೆ ನೀರು ಕುಡಿಸಾಳು ನೀನು ತಾನೆ?" ಮಂಜುಳಮ್ಮ ಸೊಸೆಯ ಕಡೆ ತಿರುಗಿದಳು. "ನಮಗೆ ಯಾರಿಗೂ ಇಲ್ಲದ್ದು ಅದಕ್ಕೆ ಹೆಂಗೆ ಬಂತು?"

"ನಿಮ್ಮನ್ನ ಯಾರು ಪರೀಕ್ಷೆ ಮಾಡಿದ್ರು ಅತ್ತೆ? ಮಾಡಿದ್ದು ಮಕ್ಕಳನ್ನ," ಅಂದಳು ವಾಣಿಶ್ರೀ, ಒಲೆಯ ಮುಂದಿನಿಂದ ಏಳದೆ.

"ನೋಡು, ನೋಡು. ಒಂದು ಕೇಳಿದ್ರೆ ಮೊಳಕಾಲ್ಮೂರು ಸೀರೆ ಬಿಚ್ಚಿದಂಗೆ ಬಿಚ್ಕೊಂತ ಹೋಗ್ತಾಳೆ."

"ನಾನು ಅಕ್ಕಿ ತೊಳೆಯಾಕೂ ಫಿಲ್ಟರ್ ನೀರೇ ಹಾಕಾದು. ದಿನಾ ಎರಡು ಕ್ಯಾನ್ ಹೊರ್ತೀನಿ. ಮಾವನ್ನ ಕೇಳ್ರಿ. ಅವರೇ ಅಲ್ವಾ ಹಿಡಿದು ಕೊಡಾದು?"

ಎಲ್ಲರೂ ಬೊಮ್ಮಲಿಂಗಪ್ಪನ ಮುಖ ನೋಡಿದರು. ರಾಣಿ ಕೂಡ ನೋಡಿದಳು. ಅವಳ ಹೊಸ ಮುಂದಿನ ಹಲ್ಲುಗಳಲ್ಲಿ ಸುಣ್ಣ ಬಳಿದಂತೆ ಅಡ್ಡಗೆರೆ. ಬೆಳಿಗ್ಗೆ ಏಳುವಾಗ ಮೊಣಕಾಲು ಹಿಡಿದುಕೊಂಡು ಅರ್ಧ ಗಳಿಗೆ ಹಾಸಿಗೆಯ ಮೇಲೇ ಕೂತಿರುತ್ತಾಳೆ.

"ಹೂಂ, ಒಯ್ತಾಳೆ," ಅಂದ ಬೊಮ್ಮಲಿಂಗಪ್ಪ.

"ಒಯ್ಯಾದು ಬ್ಯಾರೆ, ಕುಡಿಸಾದು ಬ್ಯಾರೆ," ಅಂದಳು ಮಂಜುಳಮ್ಮ. ಅವನು ಮುದ್ದೆಯ ತುತ್ತನ್ನು ಮತ್ತೆ ಸಾರಿಗೆ ಅದ್ದಿದ.

*

ಪರಶುರಾಂಪುರದಿಂದ ಆರು ಕಿಲೋಮೀಟರ್ ಒಳಗಿರುವ ಆ ಹಳ್ಳಿಯಲ್ಲಿ ನಲವತ್ತು ದಾಟಿದವರು ಕೂತರೆ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಅದು ವಯಸ್ಸಿನ ದೋಷ ಎಂದೇ ತಿಳಿದಿದ್ದರು. ಎರಡು ವರ್ಷದ ಹಿಂದೆ ಸಂಸ್ಥೆಯವರು ಬಂದು, ದೋಷ ವಯಸ್ಸಿನದಲ್ಲ, ಬೋರಿನ ನೀರಿನದು ಅಂದರು. ಫಿಲ್ಟರ್ ಘಟಕ ಹಾಕಿಕೊಡುತ್ತೇವೆ, ಜಾಗ ಕೊಡಿ ಅಂದರು. ರಸ್ತೆ ಪಕ್ಕದ ತನ್ನ ಹೊಲದ ಮೂಲೆಯನ್ನು ಕೊಟ್ಟವನು ಬೊಮ್ಮಲಿಂಗಪ್ಪ. ಊರಿನ ನೀರು ಸಮಿತಿಗೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಘಟಕದ ಬೀಗದ ಕೀಲಿಯನ್ನು ಅವನು ಉಡಿದಾರಕ್ಕೆ ಕಟ್ಟಿಕೊಂಡ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಬೇರೆ ಯಾವ ಕೆಲಸಕ್ಕೂ ಮುಂಚೆ ಹೋಗಿ ಬಾಗಿಲು ತೆಗೆಯುತ್ತಿದ್ದ. ಸಂಬಳವಿಲ್ಲದ ಕೆಲಸ. ಐವತ್ತೆಂಟು ವರ್ಷದ ಆ ಮನುಷ್ಯನಿಗೆ ಜನ ಮೊದಲ ಸಲ ನಿಂತು ನಮಸ್ಕಾರ ಹೇಳತೊಡಗಿದ್ದರು.

ಆದರೆ ನೀರು ಯಾರಿಗೂ ಹಿಡಿಸಲಿಲ್ಲ.

"ಇದು ನೀರಲ್ಲ ಬೊಮ್ಮಲಿಂಗಣ್ಣ, ಇಸ್ತ್ರಿ ಹೊಡೆದ ನೀರು," ಅಂದಿದ್ದ ಹೋದ ಮಳೆಗಾಲದಲ್ಲಿ ಹಟ್ಟಿಯ ಹಿರಿಯ ದೊಡ್ಡಪಾಲಯ್ಯ, ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ. "ಕುಡಿದ್ರೆ ಬಾಯಿ ತೊಯ್ತೈತೆ, ಹೊಟ್ಟೆ ತೊಯ್ಯಲ್ಲ. ನಮ್ಮ ಬೋರಿನ ನೀರು ಕುಡಿದು ನೋಡು, ಎದೆಗೆ ಬಡೀತೈತೆ."

ಕಟ್ಟೆಯ ಮೇಲಿದ್ದವರು ನಕ್ಕರು. ಮಾರನೇ ದಿನ ಹತ್ತು ಕ್ಯಾನ್ ಕಡಿಮೆಯಾದವು. ತಿಂಗಳಲ್ಲಿ ನಲವತ್ತಕ್ಕೆ ಇಳಿಯಿತು. ದಿನಕ್ಕೆ ಎಂಬತ್ತು ಕ್ಯಾನ್ ಹೋಗದಿದ್ದರೆ ಯಂತ್ರವನ್ನು ಬೇಕೆನ್ನುವ ಊರಿಗೆ ಒಯ್ಯುತ್ತೇವೆ ಎಂದು ಸಂಸ್ಥೆಯವರು ಮೆಲ್ಲಗೆ ಹೇಳಿ ಹೋದರು.

ಯಂತ್ರ ಕೂರಿಸಿದವನು ಚಳ್ಳಕೆರೆಯ ಮೆಕ್ಯಾನಿಕ್ ಜುಲ್ಫಿಕರ್. ಕೂರಿಸಿದ ದಿನ ಪ್ರತಿಯೊಂದು ಪೈಪನ್ನೂ ಮುಟ್ಟಿ ತೋರಿಸಿದ್ದ. ಹಿಂದುಗಡೆ ಗೋಡೆಗೆ ಅಂಟಿದಂತೆ ಸಣ್ಣ ಚಕ್ರದ ಒಂದು ವಾಲ್ವ್ ಇತ್ತು.

"ಇದು ಬೋರಿನ ನೀರನ್ನ ಸೋಸದೆ ನೇರ ಟ್ಯಾಂಕಿಗೆ ಬಿಡಾದು ಯಜಮಾನ್ರೇ. ಬೋರು ಒಳ್ಳೇದಿರೋ ಕಡೆ ರುಚಿಗೆ ಅಂತ ಒಂದು ಚೂರು ಬಿಡ್ತಾರೆ. ನಮಗೆ ಬ್ಯಾಡ. ಮುಟ್ಟಲೇಬ್ಯಾಡ್ರಿ." ಹಾಗೆ ಹೇಳಿ, ಚಕ್ರದಿಂದ ಪೈಪಿನವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ಚಕ್ರ ತಿರುಗಿದರೆ ಗೆರೆ ತುಂಡಾಗುತ್ತದೆ.

ಕ್ಯಾನ್ ನಲವತ್ತಕ್ಕಿಳಿದ ವಾರ ಬೊಮ್ಮಲಿಂಗಪ್ಪನಿಗೆ ಆ ಮಾತಿನಲ್ಲಿ ಅರ್ಧ ಮಾತ್ರ ನೆನಪಿಗೆ ಬಂತು. ರುಚಿಗೆ ಅಂತ ಒಂದು ಚೂರು. ಸಾರಿಗೆ ಉಪ್ಪು ಹಾಕಿದ ಹಾಗೆ. ಪೂರಾ ಬೋರಿನ ನೀರು ಕುಡಿಯುವವರು ಬಂದು ಕಾಲುಭಾಗದ್ದು ಕುಡಿದರೆ ಅವರಿಗೆ ಒಳ್ಳೆಯದೇ ಆಯಿತಲ್ಲ ಎಂದು ಲೆಕ್ಕ ಹಾಕಿದ. ಮೊದಲಿನಿಂದ ನಂಬಿ ಬರೀ ಫಿಲ್ಟರ್ ನೀರನ್ನೇ ಕುಡಿಯುತ್ತಿದ್ದ ಮನೆಗಳು ಆ ಲೆಕ್ಕದಲ್ಲಿ ಬರಲಿಲ್ಲ. ಅವನದೇ ಮನೆಯೂ ಬರಲಿಲ್ಲ.

ಎರಡೇ ದಿನಕ್ಕೆ ದೊಡ್ಡಪಾಲಯ್ಯ ಲೋಟ ಮೇಲೆತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಈಗ ನೋಡ್ರಲೇ ನೀರು! ಏನು ಮಾಡಿದ್ಯೋ ಮಾರಾಯ?"

"ಯಂತ್ರ ಪಳಗಬೇಕು ಪಾಲಯ್ಯ. ಹೊಸ ಮಡಕೆ ಇದ್ದಂಗೆ."

"ಯಂತ್ರದ್ದಲ್ಲ ಕಣಯ್ಯ, ನಿನ್ನ ಕೈಗುಣ."

ಬೊಮ್ಮಲಿಂಗಣ್ಣನ ಕೈಗುಣ ಎಂಬ ಮಾತು ಊರೆಲ್ಲ ಆಯಿತು. ದೀಪಾವಳಿಯ ಹೊತ್ತಿಗೆ ಎಂಬತ್ತು, ಆಮೇಲೆ ನೂರು ಕ್ಯಾನ್. ಮಾದರಿ ಊರು ಎಂದು ಸಂಸ್ಥೆಯವರು ಬೋರ್ಡು ಹಾಕಿ, ಅವನಿಗೆ ಶಾಲು ಹೊದಿಸಿದರು. ಶಾಲು ಈಗಲೂ ನಡುಮನೆಯ ಗೂಟದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನೇತಾಡುತ್ತಿದೆ.

*

ಸೋಮವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ. ಸಂಸ್ಥೆಯ ಮುಸರತ್ ಚಳ್ಳಕೆರೆಯಿಂದ ಸ್ಕೂಟರಿನಲ್ಲಿ ಬಂದಳು. ಇಪ್ಪತ್ತೈದು ದಾಟಿರದ ಹುಡುಗಿ. ಯಾವಾಗಲೂ ನಗುತ್ತಾ, ಮನೆಮನೆ ಹೊಕ್ಕು ಮಡಕೆಯ ಮುಚ್ಚಳ ತೆಗೆದು ನೋಡುವವಳು ಅವತ್ತು ನಗಲಿಲ್ಲ.

"ಹೋದ ಜೂನಿನಲ್ಲಿ ಮೂವತ್ತೊಂದು ಮಕ್ಕಳಲ್ಲಿ ಮೂರು ಕೆಂಪು. ಈಗ ಹದಿನಾಲ್ಕು. ಯಾಕೆ ಅಂತ ನೀವೇ ಹೇಳ್ರಿ," ಅಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನ ಮನೇಲಿ ಬೋರಿನ ನೀರಾಗೇ ಬೇಳೆ ಬೇಯಿಸ್ತೀಯ ಎಂದು ಒಬ್ಬಳು. ನೀನು ಕ್ಯಾನ್ ಒಯ್ದು ಗಂಡನಿಗೆ ಇಟ್ಟು ಮಕ್ಕಳಿಗೆ ನಲ್ಲಿ ನೀರು ಕೊಡ್ತೀಯ ಎಂದು ಇನ್ನೊಬ್ಬಳು. ಗದ್ದಲವೆದ್ದಿತು. ಬೊಮ್ಮಲಿಂಗಪ್ಪ ಅಧ್ಯಕ್ಷನಾದ್ದರಿಂದ ಕುರ್ಚಿಯ ಮೇಲಿದ್ದ. ಕುರ್ಚಿಯ ಒಂದು ಕಾಲು ಗಿಡ್ಡ. ಅವನು ಅಲುಗಾಡದೆ ಕೂತಿದ್ದ.

ವಾಣಿಶ್ರೀ ಎದ್ದು ನಿಂತಳು. "ಮೇಡಂ, ಫಿಲ್ಟರ್ ನೀರನ್ನೇ ಒಂದ್ಸಲ ಪರೀಕ್ಷೆ ಮಾಡ್ರಿ."

ಗದ್ದಲ ನಿಂತಿತು. ಮಂಜುಳಮ್ಮ ಸೊಸೆಯ ಸೆರಗು ಹಿಡಿದು ಎಳೆದಳು. "ಕುಂದ್ರು! ನಿಮ್ಮ ಮಾವನ ಮೇಲೇ ಹೇಳ್ತೀಯಾ?"

"ಮಾವನ ಮೇಲೆ ಎಲ್ಲಿ ಹೇಳ್ದೆ? ಯಂತ್ರ ಕೆಡಲ್ವಾ? ಮಿಕ್ಸಿ ಕೆಡ್ತೈತೆ, ಮೋಟ್ರು ಕೆಡ್ತೈತೆ."

"ಅವರು ಹೇಳಾದು ಸರಿ ಐತೆ," ಅಂದಳು ಮುಸರತ್. "ನೀರಿನ ಪರೀಕ್ಷೆ ಆಗಿ ಎಂಟು ತಿಂಗಳಾಯ್ತು. ಶುಕ್ರವಾರ ಜುಲ್ಫಿಕರ್ ಭಾಯ್‌ನ ಕಳಿಸ್ತೀನಿ. ಯಜಮಾನ್ರೇ, ನೀವು ಏನಂತೀರಾ?"

"ಕಳಿಸು ತಾಯಿ," ಅಂದ ಬೊಮ್ಮಲಿಂಗಪ್ಪ. "ನೋಡ್ಲಿ."

ಆಗಲೇ ಹೇಳಬಹುದಿತ್ತು. ಹೆಂಗಸರು ಕೂಗಾಡುತ್ತಿದ್ದರು, ಬೈದು ಸುಮ್ಮನಾಗುತ್ತಿದ್ದರು. ಆದರೆ ಅವನ ಮನಸ್ಸಿಗೆ ಬಂದದ್ದು ಬೇರೆ. ಹೇಳಿದರೆ ಈ ಜನ ಫಿಲ್ಟರ್ ನೀರನ್ನು ಇನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ. ಯಂತ್ರ ಹೋಗುತ್ತದೆ, ಸಂಸ್ಥೆ ಹೋಗುತ್ತದೆ. ಊರಿನ ಒಳ್ಳೆಯದಕ್ಕೇ ಸುಮ್ಮನಿರಬೇಕು. ಹೀಗೆ ಅಂದುಕೊಂಡ ಮೇಲೆ ಅವನಿಗೆ ಸ್ವಲ್ಪ ಉಸಿರಾಡಲು ಬಂತು.

*

ಗುರುವಾರ ಬೆಳಗಿನ ಜಾವಕ್ಕೇ ಎದ್ದು ಹೋದ. ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಎಣಿಸುತ್ತಾ ತಿರುಗಿಸಿದ. ಅರ್ಧ ಸುತ್ತಲ್ಲ. ಒಂದು ಪೂರ್ತಿ ಸುತ್ತು ದಾಟಿ, ಇನ್ನೂ ತಿರುಗಿ, ಆಮೇಲೆ ಬಿಗಿಯಾಯಿತು. ಇನ್ನೂ ತುಸು ಒತ್ತಿ ಬಿಗಿದ.

ದೀಪಾವಳಿಯ ಆಚೆಗೂ ಕೈ ಹೋಗಿತ್ತೇ? ಸಂಕ್ರಾಂತಿಯ ಹೊತ್ತಿಗೆ ಯಾರೋ ನೀರು ಮತ್ತೆ ಸಪ್ಪೆ ಅಂದಿದ್ದರು. ಆಗ ತಿರುಗಿಸಿದೆನೇ? ಹೊಗಳಿಕೆ ಬಂದಾಗಲೆಲ್ಲ ಒಂದಿಷ್ಟು ಕೈ ಆಡಿಸಿದೆನೇ?

ಯೋಚಿಸುತ್ತಾ ನಿಲ್ಲಲು ಹೊತ್ತಿರಲಿಲ್ಲ. ಟ್ಯಾಂಕಿನ ಅಡಿಯ ನಲ್ಲಿ ಬಿಚ್ಚಿದ. ಎರಡು ಸಾವಿರ ಲೀಟರು ನೀರು ಬಚ್ಚಲ ಗುಂಡಿ ತುಂಬಿ, ರಸ್ತೆಯಂಚಿಗೆ ಹರಿದು, ಜಾಲಿಯ ಬುಡಕ್ಕೆ ಹೋಗತೊಡಗಿತು. ಖಾಲಿಯಾಗಿ, ಮತ್ತೆ ಸೋಸಿದ ನೀರು ತುಂಬಿದರೆ ಶುಕ್ರವಾರದ ಹೊತ್ತಿಗೆ ಎಲ್ಲ ಸರಿಯಿರುತ್ತದೆ.

ತಿರುಗಿ ನೋಡಿದರೆ ವಾಣಿಶ್ರೀ ನಿಂತಿದ್ದಳು, ಎರಡೂ ಕೈಯಲ್ಲಿ ಖಾಲಿ ಕ್ಯಾನ್. ಅವಳು ಹರಿಯುವ ನೀರನ್ನು ನೋಡಿದಳು. ಆ ನೀರಿನ ದಾರಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ ಜಾಲಿಯವರೆಗೆ ಹೋಗಿ, ಮತ್ತೆ ಮಾವನ ತೊಯ್ದ ಪಂಚೆಗೆ ಬಂದಳು.

"ಟ್ಯಾಂಕು ತೊಳೀತಿದ್ದೆ," ಅಂದ.

"ಹೂಂ ಮಾವ."

"ಪಾಚಿ ಕಟ್ಟಿತ್ತು."

"ಹೂಂ."

"ಈವತ್ತು ನೀರಿಲ್ಲ. ನಾಳೆ ಬಾ."

ಅವಳು ಖಾಲಿ ಕ್ಯಾನ್ ಹಿಡಿದುಕೊಂಡು ಹೋದಳು. ಹೋಗುವಾಗ ಕ್ಯಾನ್‌ಗಳು ಒಂದಕ್ಕೊಂದು ತಾಕಿ ಡಬ್ ಡಬ್ ಅನ್ನುವುದು ತಿರುವು ದಾಟುವವರೆಗೂ ಅವನಿಗೆ ಕೇಳಿಸುತ್ತಿತ್ತು.

*

ಶುಕ್ರವಾರ ಜುಲ್ಫಿಕರ್ ಬಂದ, ಜುಮ್ಮಾ ನಮಾಜಿಗೆ ಚಳ್ಳಕೆರೆ ಸೇರಬೇಕೆಂದು ಅವಸರ ಮಾಡುತ್ತಾ. ನೀರಿಗೆ ಮೀಟರ್ ಅದ್ದಿದ. ಸಣ್ಣ ಶೀಷೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಹಾಕಿ ಬಣ್ಣ ನೋಡಿದ. ಹೊರಗೆ ಹದಿನೈದು ಜನ ಇಣುಕುತ್ತಿದ್ದರು. ಮುಸರತ್ ಪೆನ್ನು ಹಿಡಿದು ನಿಂತಿದ್ದಳು.

"ಏ ಒನ್ ಐತೆ ಮೇಡಂ. ಈ ನೀರನ್ನ ಎಳೆಕೂಸಿಗೂ ಕುಡಿಸಬಹುದು."

ಮುಸರತ್ ಉಸಿರುಬಿಟ್ಟು ಬರೆದುಕೊಂಡಳು. ಜನ ಚದುರಿದರು. ಮಂಜುಳಮ್ಮ ಸೊಸೆಗೆ ಕೇಳಿಸುವಂತೆ, "ಸಿಕ್ತಾ ಉತ್ತರ?" ಅಂದಳು.

ಎಲ್ಲರೂ ಹೋದ ಮೇಲೆ ಜುಲ್ಫಿಕರ್ ಯಂತ್ರದ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಚಕ್ರದ ಅಂಚನ್ನು ಬೆರಳಿನಿಂದ ಸವರಿದ.

"ಯಜಮಾನ್ರೇ, ಇಲ್ಲಿ ನಾನು ಬಣ್ಣ ಹಚ್ಚಿದ್ದೆ."

"ಹೂಂ."

"ಗೆರೆ ತುಂಡಾಗೈತೆ."

"ಬಿಸಿಲಿಗೆ ಇರಬೇಕು."

"ಬಿಸಿಲಿಗೆ ಬಣ್ಣ ಸುಲೀತೈತೆ. ಗೆರೆ ಜಾಗ ಬಿಟ್ಟು ಸರಿಯಲ್ಲ."

ಬೊಮ್ಮಲಿಂಗಪ್ಪ ಉಡಿದಾರದ ಕೀಲಿಯನ್ನು ಹಿಡಿದುಕೊಂಡು ನಿಂತಿದ್ದ. ಜುಲ್ಫಿಕರ್ ಅವನ ಮುಖ ನೋಡಲಿಲ್ಲ. ಚೀಲದಿಂದ ಬಣ್ಣದ ಡಬ್ಬಿ ತೆಗೆದು, ಹಳೆಯ ಗೆರೆಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ತೆಗೆದು, ಹೊಸದಾಗಿ ಎಳೆದ.

"ಮೂರು ತಿಂಗಳಿಗೊಮ್ಮೆ ಬಂದು ನೋಡಬೇಕಿತ್ತು ನಾನು. ಬಂದಿಲ್ಲ. ಬಂದಂಗೆ ಸೈನು ಹಾಕೀನಿ," ಅಂದ ಡಬ್ಬಿಯ ಮುಚ್ಚಳ ಒತ್ತುತ್ತಾ. "ನಿಮ್ಮನ್ನ ಕೇಳಿದ್ರೆ ನನ್ನನ್ನೂ ಕೇಳ್ತಾರೆ. ಮನೇಲಿ ಮೂರು ಮಕ್ಕಳು ಅದಾವೆ. ಖುದಾ ನೋಡ್ತಾನೆ, ಅಷ್ಟೇ."

ಅಂದು ಗಾಡಿ ಹತ್ತಿ ಹೋದ.

*

ನೀರು ಸರಿಯಿದೆ ಎಂದ ಮೇಲೆ ತಪ್ಪು ತಾಯಂದಿರದೇ ಆಯಿತು. ಕೆಂಪು ಬಂದ ಹದಿನಾಲ್ಕು ಮಕ್ಕಳ ತಾಯಂದಿರ ಹೆಸರನ್ನು ವಿಶೇಷ ತಿಳಿವಳಿಕೆ ಬೇಕಾದವರು ಎಂದು ಬರೆದು ಅಂಗನವಾಡಿಯ ಗೋಡೆಗೆ ಅಂಟಿಸಿದರು. ಮುಸರತ್ ಬೈಯಲಿಕ್ಕೆಂದು ಮಾಡಿದ್ದಲ್ಲ. ಆ ಮನೆಗಳಿಗೆ ವಾರಕ್ಕೆರಡು ಸಲ ಹೋಗಿ ನೆಲ್ಲಿಕಾಯಿ, ಹಾಲು, ನುಗ್ಗೆಸೊಪ್ಪಿನ ವಿಷಯ ಹೇಳಲು ಬೇಕಾದ ಪಟ್ಟಿ. ಊರು ಅದನ್ನು ಹಾಗೆ ಓದಲಿಲ್ಲ. ಮೂರನೇ ಹೆಸರು ವಾಣಿಶ್ರೀ.

ಬೊಮ್ಮಲಿಂಗಪ್ಪನ ಮಗ ಶಶಿಕಾಂತನಿಗೆ ಪರಶುರಾಂಪುರದಲ್ಲಿ ಗೊಬ್ಬರದಂಗಡಿ. ಆ ದಿನ ಅಂಗಡಿಗೆ ಬಂದವನೊಬ್ಬ, ಅಪ್ಪ ಊರಿಗೆಲ್ಲ ನೀರು ಕೊಡ್ತಾನೆ, ಮಗನ ಮನೇಲೇ ಕುಡಿಯೋರಿಲ್ಲವಂತೆ ಎಂದು ನಕ್ಕು ಹೋಗಿದ್ದ. ಶಶಿಕಾಂತ ಮನೆಗೆ ಬಂದವನೇ ತಟ್ಟೆಯನ್ನು ಸರಿಸಿ ಹೆಂಡತಿಯ ಕಡೆ ತಿರುಗಿದ.

"ನಿಜ ಹೇಳು. ಒಂದು ದಿನಾನೂ ಬೋರಿನ ನೀರು ಕುಡಿಸಿಲ್ವಾ?"

"ಇಲ್ಲ."

"ಒಂದು ದಿನಾನೂ?"

"ಒಂದು ಲೋಟಾನೂ ಇಲ್ಲ ರೀ. ಎಷ್ಟು ಸಲ ಹೇಳ್ಲಿ?"

"ಹಂಗಾದ್ರೆ ಎಲ್ಲಿಂದ ಬಂತೇ? ಆಕಾಶದಿಂದ ಬಂತಾ? ನೀರು ಸರಿ ಐತೆ ಅಂತ ಬರೆದು ಕೊಟ್ಟಾರಲ್ಲ!"

"ನನಗೇನು ಗೊತ್ತು ಎಲ್ಲಿಂದ ಬಂತು ಅಂತ. ಗೊತ್ತಿರೋರನ್ನ ಕೇಳ್ರಿ."

ಬೊಮ್ಮಲಿಂಗಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ವಾಣಿಶ್ರೀ ಯಾರನ್ನೂ ನೋಡುತ್ತಿರಲಿಲ್ಲ, ಮಗಳ ತಟ್ಟೆಯ ಅನ್ನ ಕಲೆಸುತ್ತಿದ್ದಳು.

"ಇನ್ನು ಮೇಲೆ ಕೂಸಿನ ನೀರು ನಾನು ನೋಡ್ಕೊಂತೀನಿ," ಅಂದಳು ಮಂಜುಳಮ್ಮ. ಮಾರನೇ ದಿನದಿಂದ ರಾಣಿಯ ಕ್ಯಾನ್ ಅಜ್ಜಿಯ ಮಂಚದ ಕೆಳಗೆ ಹೋಯಿತು. ಅಡುಗೆಯೂ ಅತ್ತೆಯದಾಯಿತು. ವಾಣಿಶ್ರೀಗೆ ಉಳಿದದ್ದು ಪಾತ್ರೆ, ಬಟ್ಟೆ, ಎಮ್ಮೆ. ಬಾಯಾರಿದಾಗ ರಾಣಿ ಅಮ್ಮನನ್ನು ದಾಟಿ ಅಜ್ಜಿಯ ಹತ್ತಿರ ಓಡುತ್ತಿದ್ದಳು. ಓಡುವಾಗ ಎಡಗಾಲು ತುಸು ಎಳೆಯುತ್ತಿತ್ತು.

ಎರಡು ವಾರ ಕಳೆಯಿತು. ಒಂದು ಸಂಜೆ ಮಂಜುಳಮ್ಮ ಟೀ ಕುಡಿದು ಮುಖ ಕಿವಿಚಿದಳು. "ಏನೋ ಈಗೀಗ ಟೀಗೆ ರುಚೀನೇ ಇಲ್ಲ ಕಣ್ರೀ. ನೀರು ಸಪ್ಪೆ ಆಗೈತೆ."

"ಪರೀಕ್ಷೆ ಮಾಡಿದ ದಿನದಿಂದ ಸಪ್ಪೆ ಆಗೈತೆ ಅತ್ತೆ," ಅಂದಳು ವಾಣಿಶ್ರೀ. ದನಿಯಲ್ಲಿ ಏನೂ ಇರಲಿಲ್ಲ. ಈವತ್ತು ಬುಧವಾರ ಎಂದ ಹಾಗಿತ್ತು.

"ಆ ಸಾಬ್ರ ಹುಡುಗ ಏನಾದ್ರೂ ಕೈ ಹಚ್ಚಿದ್ನೋ ಏನೋ," ಅಂದಳು ಮಂಜುಳಮ್ಮ.

"ಇರಬೋದು," ಅಂದುಬಿಟ್ಟ ಬೊಮ್ಮಲಿಂಗಪ್ಪ.

ಅಂದ ಮೇಲೆ ಸೊಸೆಯ ಕಡೆ ನೋಡಲಾಗಲಿಲ್ಲ. ಅವಳು ಎದ್ದು ಲೋಟಗಳನ್ನು ಆರಿಸಿಕೊಂಡು ಬಚ್ಚಲಿಗೆ ಹೋದಳು. ಹೋಗುವಾಗ ಅವನ ಲೋಟವನ್ನು ಮಾತ್ರ ಅಲ್ಲೇ ಬಿಟ್ಟಳು. ಮರೆತಳೋ, ಬಿಟ್ಟಳೋ.

ಊರಿಗೂ ನೀರು ಸಪ್ಪೆಯಾಗಿತ್ತು. ಬಿಸಿಲು ಏರಿದಂತೆ ಕ್ಯಾನ್ ಹೆಚ್ಚಬೇಕಿತ್ತು, ಇಳಿಯಿತು. ನೂರು ಇದ್ದದ್ದು ಎಪ್ಪತ್ತು, ಐವತ್ತು. ದೊಡ್ಡಪಾಲಯ್ಯ ಘಟಕದ ಮುಂದೆಯೇ ಬೋರಿನ ಕೊಡ ಹೊತ್ತ ಸೊಸೆಯನ್ನು ಕರೆದುಕೊಂಡು ಹೋದ.

"ನಿನ್ನ ಕೈಗುಣ ಎಲ್ಲಿಗೆ ಹೋಯ್ತೋ ಬೊಮ್ಮಲಿಂಗಣ್ಣ?"

ಬೊಮ್ಮಲಿಂಗಪ್ಪನ ಕಣ್ಣು ಹಿಂದಿನ ಗೋಡೆಯ ಕಡೆ ಹೋಯಿತು. ಹೊಸ ಗೆರೆ ಒಣಗಿ ಗಟ್ಟಿಯಾಗಿತ್ತು. ಚಕ್ರದ ಮೇಲೆ ಕೈಯಿಟ್ಟ. ತೆಗೆದ. ಮತ್ತೆ ತಿರುಗಿಸಲು ಧೈರ್ಯವಾಗಲಿಲ್ಲ. ಹೇಳಲೂ ಧೈರ್ಯವಾಗಲಿಲ್ಲ. ಊರಿನ ಒಳ್ಳೆಯದಕ್ಕೆ ಸುಮ್ಮನಿದ್ದೇನೆ ಎಂದುಕೊಂಡಿದ್ದನಲ್ಲ, ಆ ಊರು ಅವನ ಕಣ್ಣೆದುರಿಗೇ ಸಾಲಾಗಿ ಬೋರಿನ ಕಡೆ ಹೋಗುತ್ತಿತ್ತು.

*

ಯುಗಾದಿಯ ಹೋಳಿಗೆಯ ದಿನ ಜಗಳ ಮಿತಿಮೀರಿತು. ಮಕ್ಕಳಿಗೆ ಬೇವುಬೆಲ್ಲ ಕೊಟ್ಟ ಮೇಲೆ ರಾಣಿಗೆ ಬಿಕ್ಕಳಿಕೆ ಬಂತು. ಹತ್ತಿರದಲ್ಲಿದ್ದ ವಾಣಿಶ್ರೀ ಕೈಗೆ ಸಿಕ್ಕ ಚೊಂಬಿನಿಂದ ಎರಡು ಗುಟುಕು ಕುಡಿಸಿದಳು. ಅದು ಫಿಲ್ಟರ್ ನೀರೇ. ಮಂಜುಳಮ್ಮ ಒಳಗಿನಿಂದ ಓಡಿಬಂದು ಚೊಂಬನ್ನು ಕಿತ್ತು ಅಂಗಳಕ್ಕೆ ಚೆಲ್ಲಿದಳು.

"ನೋಡಪ್ಪ, ಕಣ್ಣಾರೆ ನೋಡು! ಹಬ್ಬದ ದಿನಾನೂ ಬಿಡಲ್ಲ ಇವಳು!"

"ಅದು ಕ್ಯಾನಿನ ನೀರು ಅತ್ತೆ. ನೀವೇ ತುಂಬಿಟ್ಟಿದ್ದು."

"ಸುಳ್ಳು ಬೊಗಳಬ್ಯಾಡ!"

ಶಶಿಕಾಂತ ಕೈಯೆತ್ತಿದ. ಹೊಡೆಯಲಿಲ್ಲ, ಕೈ ಗಾಳಿಯಲ್ಲೇ ನಿಂತಿತು. ಆದರೆ ರಾಣಿ ಕಿರುಚಿ ತಲೆ ಮುಚ್ಚಿಕೊಂಡದ್ದನ್ನು ಎಲ್ಲರೂ ನೋಡಿದರು. ವಾಣಿಶ್ರೀ ಗಂಡನ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, "ನಾನು ನಮ್ಮೂರಿಗೆ ಹೋಗ್ತೀನಿ. ಕೂಸನ್ನ ಕರ್ಕೊಂಡು ಹೋಗ್ತೀನಿ," ಅಂದಳು.

"ಹೋಗು. ನಿಮ್ಮವ್ವನೇ ಕಲಿಸ್ಲಿ ಮಕ್ಕಳನ್ನ ಸಾಕಾದು," ಅಂದ ಶಶಿಕಾಂತ.

ಬೊಮ್ಮಲಿಂಗಪ್ಪ ನಡುಮನೆಯಲ್ಲಿ ಎಲೆಯ ಮುಂದೆ ಕೂತಿದ್ದ. ಬಡಿಸಿದ ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಗುತ್ತಿತ್ತು.

ವಾಣಿಶ್ರೀಯ ತವರು ಮೊಳಕಾಲ್ಮೂರಿನ ಆಚೆ, ಸಿದ್ದಾಪುರ. ಮಾರನೇ ದಿನ ಫೋನಿನಲ್ಲಿ ತಾಯಿಯ ಜೊತೆ ತೆಲುಗಿನಲ್ಲಿ ಮಾತಾಡಿದಳು. "ಏಮೀ ಲೇದಮ್ಮಾ, ಏಮೀ ಲೇದು," ಎಂದು ಏನೂ ಆಗಿಲ್ಲವೆಂದು ನಾಲ್ಕೈದು ಸಲ ಹೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು.

ಬಸ್ಸಿನವರೆಗೆ ಚೀಲ ಹೊತ್ತುಕೊಂಡು ಬಂದವನು ಬೊಮ್ಮಲಿಂಗಪ್ಪ ಒಬ್ಬನೇ. ಘಟಕದ ಪಕ್ಕದಲ್ಲೇ ಬಸ್ಸು ನಿಲ್ಲುವ ಜಾಗ. ಮಾದರಿ ಊರು ಎಂಬ ಬೋರ್ಡಿನ ನೆರಳು ಚಿಕ್ಕದಾಗಿತ್ತು. ಅದರೊಳಗೆ ರಾಣಿಯನ್ನು ನಿಲ್ಲಿಸಿ ಇವರಿಬ್ಬರೂ ಬಿಸಿಲಲ್ಲಿ ನಿಂತರು.

"ತಾತ, ನೀನೂ ಬಾ," ಅಂದಳು ರಾಣಿ.

"ಬರ್ತೀನವ್ವ. ಮುಂದಿನ ವಾರ ಬರ್ತೀನಿ."

ದೂರದಲ್ಲಿ ಧೂಳೆದ್ದಿತು. ವಾಣಿಶ್ರೀ ಮಗಳ ಕೂದಲು ಸರಿಮಾಡಿ, ತಲೆಯೆತ್ತದೆ ಕೇಳಿದಳು.

"ಮಾವ, ನೀವೇನಾದ್ರೂ ಹೇಳಾದು ಐತಾ?"

ಹೇಳಬೇಕಾದ ಮಾತು ಅವನಲ್ಲಿ ಪೂರ್ತಿಯಾಗಿ ಸಿದ್ಧವಿತ್ತು. ನಾಲ್ಕು ಪದ. ನಾಲ್ಕು ಪದ ಹೇಳಿದರೆ ಈ ಚೀಲ ತಿರುಗಿ ಮನೆಗೆ ಹೋಗುತ್ತದೆ. ಶಾಲು ಹೋಗುತ್ತದೆ, ಕೀಲಿ ಹೋಗುತ್ತದೆ, ಮಗ ಎದುರು ಕೂತು ಉಣ್ಣುವುದಿಲ್ಲ. ಹೋಗಲಿ. ಹೇಳಿಬಿಡಬೇಕು.

ವಾಣಿಶ್ರೀ ಕಾಯುತ್ತಿದ್ದಳು. ಬಸ್ಸು ಹತ್ತಿರ ಬಂದರೂ ಕೈ ಅಡ್ಡ ಹಾಕದೆ ಕಾಯುತ್ತಿದ್ದಳು.

ಬೊಮ್ಮಲಿಂಗಪ್ಪನೇ ಕೈ ಅಡ್ಡ ಹಾಕಿದ.

"ಬಸ್ಸು ಬಂತು," ಅಂದ.

ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡಳು.

*

ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ರಾಣಿಯ ಹೆಸರನ್ನು ಸಿದ್ದಾಪುರದ ಶಾಲೆಯಲ್ಲೇ ಬರೆಸಿದ್ದರು. ಬರ್ತೀನಿ ಎಂದಿದ್ದ ತಾತ ಒಂದು ವಾರವೂ ಹೋಗಿರಲಿಲ್ಲ.

ಮುಸರತ್ ಒಂದು ಬೆಳಿಗ್ಗೆ ಮನೆಗೆ ಬಂದಳು, ಬಹಳ ದಿನದ ಮೇಲೆ ನಗುತ್ತಾ. ಸಂಸ್ಥೆ ಮೊಳಕಾಲ್ಮೂರಿನ ಕಡೆಯೂ ಕೆಲಸ ಮಾಡುತ್ತಿತ್ತು. ಅಲ್ಲಿ ರಾಣಿಗೆ ಮತ್ತೆ ಪರೀಕ್ಷೆ ಮಾಡಿದ್ದರು. ಚೀಲದಿಂದ ಕಾರ್ಡು ತೆಗೆದಳು. ಕೆಂಪಿನ ಪಕ್ಕದಲ್ಲಿ ಹೊಸ ದುಂಡು ಚೀಟಿ. ಹಸಿರು.

"ಕಾಲು ನೋವು ಕಡಿಮೆ ಆಗೈತಂತೆ ಯಜಮಾನ್ರೇ. ನೀವು ನೋಡಬೇಕು ಅಂತ ನಾನೇ ಕೇಳಿ ತಂದೆ."

ಮಂಜುಳಮ್ಮ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡಳು. ಅತ್ತಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಮಗನ ಕಡೆ ತಿರುಗಿದಳು.

"ನೋಡಿದ್ಯಾ? ನಾನು ಹೇಳಿರಲಿಲ್ವಾ? ಅವರವ್ವ ಕಾವಲು ಕುಂತಾಳೆ, ಅದಕ್ಕೇ ನೆಟ್ಟಗೆ ಕುಡಿಸ್ತಾಳೆ. ಇಲ್ಲಿದ್ದಾಗ ಏನಾಗಿತ್ತು ಅವಳಿಗೆ ರೋಗ?"

ಮುಸರತ್‌ಳ ನಗೆ ಅರ್ಧಕ್ಕೆ ನಿಂತಿತು. "ಹಂಗಲ್ಲಮ್ಮ," ಎಂದು ಶುರುಮಾಡಿದಳು. ಅಷ್ಟಕ್ಕೇ ಬಿಟ್ಟು ಚೀಲದ ಬಾಯಿ ಮುಚ್ಚಿದಳು. ಇಲ್ಲಿಯ ನೀರು ಸರಿಯಿದೆ ಎಂದು ಬರೆದುಕೊಂಡವಳು ಅವಳೇ.

ಶಶಿಕಾಂತ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಗಡ್ಡ ಬೆಳೆದಿತ್ತು. ಮೂರು ತಿಂಗಳಿಂದ ಅವನು ಮನೆಯಲ್ಲಿ ನೆಟ್ಟಗೆ ಊಟ ಮಾಡಿರಲಿಲ್ಲ.

"ಸೋಮವಾರ ಹೋಗ್ತೀನಿ," ಅಂದ. "ಕೂಸನ್ನ ಕರ್ಕೊಂಡು ಬರ್ತೀನಿ. ಅವಳು ಅಲ್ಲೇ ಇರ್ಲಿ."

"ತಾಯಿ ಬಿಟ್ಟು ಹೆಂಗಿರ್ತೈತೆ ಅದು?" ಅಂದಳು ಮುಸರತ್.

"ಇರ್ತೈತೆ. ನಮ್ಮವ್ವ ಇಲ್ವಾ? ಏನಂತೀಯಪ್ಪ?"

ಎಲ್ಲರೂ ಬೊಮ್ಮಲಿಂಗಪ್ಪನ ಮುಖ ನೋಡಿದರು. ಅವನು ಎದ್ದು, ಪಂಚೆ ಕೊಡವಿ, ಉಡಿದಾರದ ಕೀಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಘಟಕದ ಬಾಗಿಲು ತೆಗೆಯುವ ಹೊತ್ತಾಗಿತ್ತು. ಈಗ ದಿನಕ್ಕೆ ಹನ್ನೆರಡು ಕ್ಯಾನ್ ಹೋಗುತ್ತಿದ್ದವು, ಸಂಸ್ಥೆಯವರು ಯಂತ್ರ ಒಯ್ಯಲು ಇನ್ನೂ ಬಂದಿರಲಿಲ್ಲ. ಆದರೂ ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

"ನಿನಗೆ ಹೆಂಗೆ ತಿಳೀತೈತೋ ಹಂಗೆ ಮಾಡು," ಅಂದ.

ಸೋಮವಾರ ಶಶಿಕಾಂತ ಸಿದ್ದಾಪುರಕ್ಕೆ ಹೋಗಿ ಸಂಜೆಯ ಬಸ್ಸಿಗೆ ಮಗಳನ್ನು ಎತ್ತಿಕೊಂಡು ಬಂದ. ಅವಳು ದಾರಿಯುದ್ದಕ್ಕೂ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಬೊಮ್ಮಲಿಂಗಪ್ಪ ಲೋಟ ತೊಳೆದು, ನೀರು ತುಂಬಿ ಕೊಟ್ಟ. ರಾಣಿ ಎರಡೂ ಕೈಯಲ್ಲಿ ಲೋಟ ಹಿಡಿದು, ಕುಡಿಯುವ ಮುಂಚೆ, ತಾತನ ಮುಖ ನೋಡಿ ಕೇಳಿದಳು: "ಇದು ಒಳ್ಳೆ ನೀರಾ ತಾತ?"

"ಒಳ್ಳೇದು, ಕುಡಿ," ಅಂದ.

ಬೋರಿನ ನೀರನ್ನು ಟ್ಯಾಂಕಿಗೆ ಬಿಟ್ಟದ್ದು ತಾನು ಎಂದು ಬೊಮ್ಮಲಿಂಗಪ್ಪ ವಾಣಿಶ್ರೀಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ, ಯಾರಿಗೂ ಯಾವತ್ತೂ ಹೇಳಲಿಲ್ಲ.